ಸತ್ಯಾಂಶ: ರೆಫರಿಗೆ ಹೊಡೆದ್ರೆ ಬರೀ ಬ್ಯಾನ್ ಅಷ್ಟೇನಾ?

"ಮೈದಾನದಲ್ಲಿ ಆದ ಜಗಳಕ್ಕೆ ಪೊಲೀಸ್ ಕೇಸ್ ಆಗಲ್ಲ, ರೆಫರಿಗೆ ಹೊಡೆದ್ರೂ ಬ್ಯಾನ್ ಅಷ್ಟೆ" ಅನ್ನೋ ಫಾರ್ವರ್ಡ್ ನಂಬಬೇಡಿ, ಅದು ತಪ್ಪು.

ಟರ್ಕಿಯಲ್ಲಿ 2023ರ ಡಿಸೆಂಬರ್ 11ರಂದು ಫುಟ್‌ಬಾಲ್ ಮ್ಯಾಚ್ 1-1 ಡ್ರಾ ಆಗಿ ಕೊನೇ ವಿಸಲ್ ಊದಿದ್ದೇ ತಡ, ಅಂಕಾರಗುಚು ಕ್ಲಬ್ ಅಧ್ಯಕ್ಷ ಫಾರೂಕ್ ಕೋಜಾ ಒಳಗೆ ನುಗ್ಗಿ ರೆಫರಿ ಹಲೀಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದ್ರು, ಕೆಳಗೆ ಬಿದ್ದವರನ್ನ ಬೇರೆಯವರು ಕಾಲಲ್ಲಿ ಒದ್ದರು, ಕಣ್ಣು ಪೂರ್ತಿ ಊದಿಕೊಂಡಿತ್ತು. ಕೋಜಾಗೆ ಆಜೀವ ನಿಷೇಧ ಅಂತೂ ಆಯ್ತು, ಜೊತೆಗೆ ಅರೆಸ್ಟ್ ಆಗಿ 2024ರಲ್ಲಿ ಕೋರ್ಟು ಮೂರು ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಕೊಡ್ತು. ಫ್ರಾನ್ಸ್‌ನಲ್ಲಂತೂ 2006ರಲ್ಲೇ ಕಾನೂನು ತಂದು, ರೆಫರಿ ಮೇಲಿನ ಹಲ್ಲೆಗೆ ಶಿಕ್ಷೆ ಜಾಸ್ತಿ ಮಾಡಿದ್ದಾರೆ.

ನಮ್ಮಲ್ಲಿ ಅಪರಾಧಕ್ಕೆ ಶಿಕ್ಷೆ ಹೇಳೋ ಕಾನೂನು, ಅಂದ್ರೆ ಭಾರತೀಯ ನ್ಯಾಯ ಸಂಹಿತೆ, ಎಲ್ಲರಿಗೂ ಒಂದೇ, ಬೌಂಡರಿ ಗೆರೆ ಒಳಗೂ ಅದೇ ನಡೆಯೋದು. ಹೊಡೆದು ಗಾಯ ಮಾಡಿದ್ರೆ ಸೆಕ್ಷನ್ 115(2), ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೂಳೆ ಮುರಿದ್ರೆ, ಹಲ್ಲು ಬಿದ್ರೆ ಅದು ತೀವ್ರ ಗಾಯ, 117(2)ರಲ್ಲಿ ಏಳು ವರ್ಷದವರೆಗೆ. "ಆಚೆ ಬಾ, ಮುಗಿಸ್ತೀನಿ" ಅಂತ ಹೆದರಿಸೋದೂ 351ನೇ ಸೆಕ್ಷನ್ ಪ್ರಕಾರ ಅಪರಾಧವೇ.

ಆದ್ರೆ ಒಂದು ಮಾತು, ಸಣ್ಣ ಗಾಯ ಆದ್ರೆ ಪೊಲೀಸರು ಮ್ಯಾಜಿಸ್ಟ್ರೇಟ್ ಅನುಮತಿ ಇಲ್ದೆ ತನಿಖೆ ಮಾಡೋ ಹಾಗಿಲ್ಲ, ಬಹುಶಃ ಅದಕ್ಕೇ ಜನ "ಕೇಸೇ ಆಗಲ್ಲ" ಅಂದ್ಕೊಂಡಿರೋದು. ಏಟು ಬಿದ್ದಿದ್ರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋ ಪತ್ರ) ಮಾಡಿಸಿ, ಯಾರಾದ್ರೂ ಮೊಬೈಲಲ್ಲಿ ವಿಡಿಯೋ ಮಾಡಿದ್ರೆ ಅದನ್ನ ಡಿಲೀಟ್ ಆಗೋಕೆ ಮುಂಚೆ ಇಸ್ಕೊಳ್ಳಿ, ಸ್ಕೋರ್‌ಶೀಟ್ ಕೂಡ ಜೋಪಾನ.