ಆಡಿದ ಸರ್ಟಿಫಿಕೇಟ್ ಇದ್ದರೆ ಮಾತ್ರ ಆಡೋಕೆ ದುಡ್ಡಂತೆ!

ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆಯಿಂದ ಹೊಟ್ಟೆ ಉರೀತಾ ಇದೆ.

ನಾನು ಹುಬ್ಬಳ್ಳಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದ್ತಾ ಇದ್ದೇನೆ. ಯಾವ ಕಾಲೇಜು, ಯಾವ ಆಫೀಸು ಅಂತ ಹೇಳಲ್ಲ, ಮಾರ್ಕ್ಸ್ ಕಾರ್ಡ್ ಇನ್ನೂ ಅವರ ಕೈಯಲ್ಲೇ ಇದೆ. ವಿಷಯ ಏನಂದ್ರೆ, ಕಾಲೇಜು ಮಕ್ಕಳು ಜಾಸ್ತಿ ಜನ ಆಟಕ್ಕೆ ಬರಲಿ ಅಂತ ಒಂದು ಅನುದಾನ ಇದೆ ಅಂತ ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಓದಿದ ಕೂಡಲೇ ಇದು ನಮಗಾಗಿಯೇ ಇದೆ ಅನ್ನಿಸ್ತು. ನಾವು ಹದಿನಾಲ್ಕು ಹುಡುಗಿಯರು ಹೈಸ್ಕೂಲು ಬಿಟ್ಟ ಮೇಲೆ ಒಂದು ದಿನವೂ ಮೈದಾನಕ್ಕೆ ಇಳಿದಿರಲಿಲ್ಲ. ಪಿಯುಸಿ ಬಂತು, ಟ್ಯೂಷನ್ ಬಂತು, "ಇಷ್ಟ್ ದೊಡ್ಡಾಕಿ ಆಗಿ ಏನ್ ಓಡ್ಯಾಡ್ತಿ" ಅನ್ನೋ ಮನೆಯವರ ಮಾತು ಬಂತು, ಆಟ ಅಲ್ಲಿಗೇ ನಿಂತುಹೋಯ್ತು. ಆಮೇಲೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ಆಯ್ತಲ್ಲ, ಗಂಡಸರದೂ ಹೆಂಗಸರದೂ ಎರಡೂ ಕಪ್ ನಮ್ಮವರೇ ಗೆದ್ದರು. ಮರುದಿನ ಲೇಡೀಸ್ ರೂಮಿನಲ್ಲಿ ಒಂದೇ ಮೊಬೈಲಿಗೆ ಹತ್ತು ತಲೆ ಸೇರಿಸಿ ಆ ಫೈನಲ್ ನೋಡಿದೆವು. ಅವತ್ತು ಹತ್ತಿದ ಹುಚ್ಚು ಇದು.

ಕೇಳಿದ್ದು ಎಷ್ಟು ಗೊತ್ತಾ? 46,000 ರೂಪಾಯಿ. ಹದಿನಾಲ್ಕು ಜೊತೆ ಶೂ, ಎರಡು ಕಂಬ, ಗೆರೆ ಹಾಕೋಕೆ ಸುಣ್ಣದ ಪುಡಿ, ವಾರಕ್ಕೆ ಮೂರು ಸಂಜೆ ಬಂದು ಕಲಿಸುವವರಿಗೆ ಗೌರವಧನ, ಆಟ ಮುಗಿದ ಮೇಲೆ ಬಾಳೆಹಣ್ಣು, ಶೇಂಗಾ ಚಿಕ್ಕಿ. ಅಷ್ಟೇ. ಕಂಬ ಯಾಕೆ ಅಂದ್ರೆ, ಸ್ಟೋರ್ ರೂಮಿನಲ್ಲಿರೋ ಎರಡರಲ್ಲಿ ಒಂದಕ್ಕೆ ಗೆದ್ದಲು ಹಿಡಿದು ಬುಡದಲ್ಲಿ ಹಿಟ್ಟು ಉದುರುತ್ತೆ, ಇನ್ನೊಂದಕ್ಕೆ ಯಾವುದೋ ವರ್ಷದ ಗಣಪತಿ ಪೆಂಡಾಲಿನ ಹಗ್ಗ ಇನ್ನೂ ಹಾಗೇ ಸುತ್ತಿಕೊಂಡಿದೆ. ಶೂ ಯಾಕೆ ಅಂದ್ರೆ ನಮ್ಮ ಮೈದಾನ ಎರೆ ಮಣ್ಣಿನದು. ಮಳೆ ಬಿದ್ದರೆ ಚಪ್ಪಲಿಗೆ ಕಿಲೋಗಟ್ಟಲೆ ಅಂಟುತ್ತೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಬರಿಗಾಲಲ್ಲಿ ಓಡಿ ಒಬ್ಬಳ ಹಿಮ್ಮಡಿ ಈಗಾಗಲೇ ಸೀಳಿದೆ.

ಅಂಗಡಿ ಅಂಗಡಿ ತಿರುಗಿ ಕೊಟೇಶನ್ ತಂದು, ಬೋನಾಫೈಡ್ ಹಚ್ಚಿ, ಪ್ರಿನ್ಸಿಪಾಲರ ಸಹಿಗೆ ನಾಲ್ಕು ದಿನ ಕಾದು, ಕೊನೆಗೆ ಅರ್ಜಿ ತಗೊಂಡು ಹೋದರೆ ಅಲ್ಲಿ ಕೂತವರು ಕೇಳಿದ ಮೊದಲ ಮಾತು:

"ಎಲ್ಲೆರ ಆಡೀರೇನ್ ತಂಗಿ? ಝೋನಲ್, ಇಂಟರ್ ಝೋನಲ್?"

"ಇಲ್ರಿ ಸರ್. ಆಡಾಕಂತನ ರೊಕ್ಕ ಕೇಳಾಕತ್ತೀವ್ರಿ."

"ಆಡಿದ್ದ ಸರ್ಟಿಫಿಕೇಟ್ ಇಲ್ದ ಹೆಂಗ ಕೊಡಾಕ ಬರ್ತೈತವಾ?"

ಅಲ್ಲ ಸ್ವಾಮಿ, ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅನ್ನೋದು ಇದಕ್ಕೇ ಅಲ್ವಾ? ಫಾರ್ಮಿನ ಆರನೇ ಕಾಲಂ ನೋಡಿ: ಕಳೆದ ಮೂರು ವರ್ಷದಲ್ಲಿ ಗೆದ್ದ ಪದಕಗಳ ವಿವರ. ಏಳನೇದು: ತಂಡದಲ್ಲಿ ಯೂನಿವರ್ಸಿಟಿ ಬ್ಲೂ, ಅಂದ್ರೆ ಯೂನಿವರ್ಸಿಟಿ ತಂಡಕ್ಕೆ ಆಡಿದವರು, ಎಷ್ಟು ಜನ. ಬ್ಲೂ ಆದವಳಿಗೆ ಆಟಕ್ಕೆ ಬಾ ಅಂತ ಯಾರಾದ್ರೂ ಕರೀಬೇಕಾ? ಅವಳು ಬಂದಾಗಿದೆಯಲ್ಲ!

ಇನ್ನೊಂದು ತಮಾಷೆ. ನಮ್ಮಲ್ಲಿ ಒಬ್ಬ ಅಕ್ಕ ಇದ್ದಾರೆ, 27 ವರ್ಷ. ಪಿಯುಸಿ ಮುಗಿದ ಕೂಡಲೇ ಮದುವೆ ಮಾಡಿಕೊಟ್ಟರಂತೆ, ಎರಡು ಮಕ್ಕಳನ್ನು ಶಾಲೆಗೆ ಹಾಕಿ ಈಗ ಡಿಗ್ರಿಗೆ ಬಂದಿದ್ದಾರೆ. ನಮ್ಮೆಲ್ಲರಿಗಿಂತ ಜೋರಾಗಿ ಓಡೋದು ಅವರೇ. ವಯಸ್ಸು ಮೀರಿದೆ ಅಂತ ಅವರ ಹೆಸರ ಮೇಲೆ ಕೆಂಪು ಗೆರೆ. ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟಿಗೆ 17ರಿಂದ 25 ಅಂತ ಇದೆ, ಇರಲಿ, ಅದು ಸ್ಪರ್ಧೆ. ಆ ನಿಯಮವನ್ನು ಹಾಗೇ ಎತ್ತಿ ತಂದು ಇಲ್ಲಿ ಅಂಟಿಸಿದ್ದು ಯಾಕೆ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಡೆಯಿಂದ ಏನಾದ್ರೂ ಸಿಗುತ್ತಾ ಅಂತ ಪಿ.ಇ. ಸರ್ ಹತ್ರ ಕೇಳಿದೆ. "ನಮ್ಮ ಕಾಲೇಜಿಗೆ 12(ಬಿ) ಇಲ್ಲವ್ವಾ" ಅಂದ್ರು. ಅದೇನು ಅಂತ ಆಮೇಲೆ ತಿಳೀತು. 1956ರ ಯುಜಿಸಿ ಕಾಯ್ದೆಯ ಒಂದು ಸೆಕ್ಷನ್, ಅದರಡಿ ಮಾನ್ಯತೆ ಸಿಗದ ಕಾಲೇಜಿಗೆ ಯುಜಿಸಿ ಅನುದಾನ ಬರಲ್ಲ. ಅಂದ್ರೆ ಒಳ್ಳೆ ಕಟ್ಟಡ, ಪೂರ್ತಿ ಸ್ಟಾಫು ಇರೋ ಕಾಲೇಜಿಗೆ ದಾರಿ ಸಲೀಸು, ಗೆದ್ದಲು ಹಿಡಿದ ಕಂಬ ಇರೋರಿಗೆ ಗೇಟು ಬಂದ್.

ಚೆನ್ನಾಗಿ ಆಡೋರಿಗೆ ಕೊಡಬೇಡಿ ಅಂತ ನಾನು ಹೇಳ್ತಾ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಯಾರಾದ್ರೂ ಜಗಳಕ್ಕೆ ಬರ್ತಾರೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕ್ರೀಡಾ ಯೋಜನೆಯಲ್ಲಿ ಆಯ್ಕೆಯಾದ ಆಟಗಾರರಿಗೆ ವರ್ಷಕ್ಕೆ 6.28 ಲಕ್ಷದ ನೆರವು ಇದೆ, ಅದರಲ್ಲಿ ತಿಂಗಳಿಗೆ 10,000 ಕೈಖರ್ಚಿಗೇ. ಕೊಡಲಿ, ಬೇಕಾದ್ರೆ ಇನ್ನೂ ಜಾಸ್ತಿ ಕೊಡಲಿ. ಅದು ಪ್ರತಿಭೆಗೆ ಕೊಡೋ ದುಡ್ಡು, ಅಲ್ಲಿ ಪದಕ ಕೇಳಿದರೆ ನ್ಯಾಯ. ಆದರೆ ಹೊಸಬರನ್ನು ತರೋಕೆ ಅಂತ ತೆಗೆದಿಟ್ಟ ದುಡ್ಡಿಗೂ ಅದೇ ಅಳತೆಗೋಲು ಹಿಡಿದರೆ? ಹೋದ ವರ್ಷ ಇದೇ ದುಡ್ಡು ಯಾರಿಗೆ ಹೋಯ್ತು ಅಂತ ವಿಚಾರಿಸಿದೆ. ಪ್ರತಿ ವರ್ಷ ಗೆಲ್ಲೋ ತಂಡಕ್ಕೆ ಹೊಸ ಟ್ರ್ಯಾಕ್ ಸೂಟು. ಹಳೆಯದು ಇನ್ನೂ ಬಣ್ಣ ಹೋಗಿರಲಿಲ್ಲವಂತೆ.

ಇನ್ನು ಕ್ರೀಡಾ ಶುಲ್ಕ. ಮೂರು ವರ್ಷದ ಅಡ್ಮಿಷನ್ ರಸೀದಿ ತೆಗೆದು ನೋಡಿದೆ, ಮೂರರಲ್ಲೂ ಇದೆ. ಅದನ್ನು ತಗೊಳ್ಳುವಾಗ ಮಾತ್ರ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ ನೋಡಿ!

ಈಗ ಮಂಗಳವಾರ, ಗುರುವಾರ ಸಂಜೆ ಒಂದು ಗಂಟೆ ಆಡ್ತೀವಿ. ನವಲಗುಂದ, ಅಣ್ಣಿಗೇರಿ ಕಡೆಯವರು ಬಸ್ಸು ತಪ್ಪುತ್ತೆ ಅಂತ ಐದೂಕಾಲಿಗೇ ಬ್ಯಾಗ್ ಎತ್ತಿಕೊಂಡು ಓಡ್ತಾರೆ. ಕಂಬದ ಬದಲು ಎರಡೂ ತುದಿಗೆ ಒಬ್ಬೊಬ್ಬಳು ನಿಂತ್ಕೋತಾಳೆ. ತಿರುಗುವಾಗ ಅವಳ ಭುಜ ಹಿಡಿದು ಸುತ್ತಬೇಕು, ಮೊನ್ನೆ ಒಬ್ಬಳ ಚೂಡಿದಾರದ ತೋಳೇ ಹರಿದು ಕೈಗೆ ಬಂತು. ನಕ್ಕು ನಕ್ಕು ಸಾಕಾಯ್ತು, ಆಮೇಲೆ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಕಥೆ.

ಎರಡನೇ ಸಲ ಅರ್ಜಿ ಹಾಕೋಕೆ ಇನ್ನೂ ಎಂಟು ದಿನ ಇದೆ. ಧಾರವಾಡ, ಗದಗ, ಹಾವೇರಿ ಕಡೆ ಪದಕ ಇಲ್ಲದೇ ಇಂಥ ದುಡ್ಡು ತಗೊಂಡವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ಆರನೇ ಕಾಲಂನಲ್ಲಿ ಏನಂತ ಬರೆದ್ರಿ?