ಒಂದು ಢಂ ಶಬ್ದಕ್ಕೆ ಎಷ್ಟು ರೂಪಾಯಿ?

ದಸರಾದಲ್ಲಿ ಮೈಸೂರಲ್ಲಿ ಕುಶಾಲತೋಪು ಹಾರಿಸುವಾಗ ಜನ ಕಿವಿ ಮುಚ್ಚಿಕೊಂಡೇ ಎಣಿಸುತ್ತಾರೆ. ಲೆಕ್ಕ 21. ಬ್ರಿಟಿಷರ ಕಾಲದಲ್ಲಿ ಈ ಲೆಕ್ಕ ಸುಮ್ನೆ ಖುಷಿಗಲ್ಲ. ಯಾವ ರಾಜನಿಗೆ ಎಷ್ಟು ತೋಪು ಅಂತ ಪಟ್ಟಿಯೇ ಇತ್ತು. ಸಣ್ಣವರಿಗೆ 9, ಆಮೇಲೆ 11, 13, ಹೀಗೆ. ಮೈಸೂರು, ಹೈದರಾಬಾದ್, ಬರೋಡಾದಂಥ ಐದೇ ಸಂಸ್ಥಾನಗಳಿಗೆ 21. ವೈಸರಾಯ್‌ಗಾದರೆ 31. ನೂರಾರು ರಾಜರಿಗೆ ಒಂದೂ ಇಲ್ಲ, ಪಾಪ.

ನಮ್ಮ 21ಕ್ಕೆ ಬಿಲ್ ಎಷ್ಟಾಯಿತು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಈಸ್ಟ್ ಇಂಡಿಯಾ ಕಂಪನಿ ಪಟ್ಟಕ್ಕೆ ಕೂರಿಸಿತು. ನಿಮ್ಮ ಕಾವಲಿಗೆ ನಮ್ಮ ಸೈನ್ಯ, ವರ್ಷಕ್ಕೆ 7 ಲಕ್ಷ ವರಹ (ಆಗಿನ ಚಿನ್ನದ ನಾಣ್ಯ) ಕೊಡಿ ಎಂದಿತು. 1831ರಲ್ಲಿ ಕಂಪನಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು, ಮನೆ ಕಾಯುವವನೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ. ನಗರ ಸೀಮೆಯಲ್ಲಿ (ಈಗಿನ ಶಿವಮೊಗ್ಗದ ಕಡೆ) ರೈತರು ದಂಗೆ ಎದ್ದಿದ್ದಾರೆ, ನಿಮಗೆ ಆಡಳಿತ ಬರಲ್ಲ ಅನ್ನೋದು ಕಾರಣ. ಆಮೇಲೆ ಅವರದೇ ಸಮಿತಿ ತನಿಖೆ ಮಾಡಿ, ದೂರು ಸ್ವಲ್ಪ ಜಾಸ್ತಿಯೇ ಆಗಿತ್ತು ಎಂದಿತು. ಆಗಿನ ಗವರ್ನರ್ ಜನರಲ್ ಬೆಂಟಿಂಕ್‌ಗೂ ಕಸಿವಿಸಿ. ಬೀಗದ ಕೈ ಮಾತ್ರ ವಾಪಸ್ ಬರಲಿಲ್ಲ. ಕೇಳಿ ಕೇಳಿ ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು.

ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳದ್ದೇ ದರ್ಬಾರು. 1876-78ರ ಬರವೂ ಅವರ ಕೈಕೆಳಗೇ. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಒಪ್ಪಿಸುವಾಗ ಬರದ ಸಾಲವನ್ನೂ ಒಪ್ಪಿಸಿದರು, ಸುಮಾರು 80 ಲಕ್ಷ ರೂಪಾಯಿ. ಅಡುಗೆ ಕೆಡಿಸಿದ ಭಟ್ಟ, ದಿನಸಿ ಅಂಗಡಿಯ ಸಾಲದ ಚೀಟಿಯನ್ನು ಯಜಮಾನನ ಕೈಗಿಟ್ಟು ಹೊರಟ ಹಾಗೆ! ಆ ಕಾವಲಿನ ಕಪ್ಪ ಏರಿ ವರ್ಷಕ್ಕೆ 35 ಲಕ್ಷ ರೂಪಾಯಿ ಎಂದಾಯಿತು. ಏರಿಸಿದ ಭಾಗವನ್ನು ಕೆಲವು ವರ್ಷ ಮುಂದಕ್ಕೆ ಹಾಕಿದರು, ಅಷ್ಟೇ ಕರುಣೆ.

ಷರತ್ತುಗಳೂ ಇದ್ದವು. ಕೇಳದೆ ಕೋಟೆ ಕಟ್ಟಬಾರದು. ಕೇಳದೆ ಆಯುಧ ತರಿಸಬಾರದು. ಸ್ವಂತ ನಾಣ್ಯ ಬೇಡ. ಬೆಂಗಳೂರಿನ ದಂಡು ಪ್ರದೇಶ ನಮಗಿರಲಿ. ತೋಪಾ? ಧಾರಾಳವಾಗಿ ಹಾರಿಸಿ. ಗುಂಡು ಹಾಕದೆ, ಎಣಿಸಿಕೊಂಡು.

35 ಲಕ್ಷವನ್ನು 21ರಿಂದ ಭಾಗಿಸಿ ನೋಡಿದೆ. ವರ್ಷಕ್ಕೆ ಒಂದೇ ಸಲ ಹಾರಿಸಿದರೆ ಒಂದು ಢಂಗೆ 1,66,666 ರೂಪಾಯಿ, ಮೇಲೆ ಚಿಲ್ಲರೆ. ಜಾಸ್ತಿ ಸಲ ಹಾರಿಸಿದಷ್ಟೂ ಅಗ್ಗ. ವರ್ಧಂತಿಗೆ ಢಂ, ದಸರಾಕ್ಕೆ ಢಂ ಅಂತಿದ್ದದ್ದು ಅದಕ್ಕೇ ಇರಬೇಕು, ಅಲ್ವಾ? ಆ ಚಿಲ್ಲರೆ ವಾಪಸ್ ಕೊಟ್ಟ ರಸೀದಿ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.