ಟ್ವಿಂಕಲ್‌ನ ಹನ್ನೆರಡು ವೇಷ

ಮೇಲಿನ ಮನೆಯವರು ಮಗುವಿಗೆ ಕೀಬೋರ್ಡ್ ತಂದು ತಿಂಗಳಾಯಿತು. ಸಂಜೆ ಆರಕ್ಕೆ ಶುರು. ಸಸ ಪಪ ದದ ಪಾ, ಮಮ ಗಗ ರಿರಿ ಸಾ. ಎಲ್‌ಕೆಜಿ ದಾಟಿದವರಿಗೆ ಇದು ‘ಟ್ವಿಂಕಲ್ ಟ್ವಿಂಕಲ್’ ಅಂತ ಹೇಳಬೇಕಾಗಿಲ್ಲ, ಅಲ್ವಾ? ಮಗು ‘ದ’ ಹತ್ತಿರ ಬಂದು ತಡವರಿಸುತ್ತದೆ. ಕೆಳಗೆ ಒಗ್ಗರಣೆ ಸೌಟು ಹಿಡಿದ ನಾನೂ ತಡವರಿಸುತ್ತೇನೆ.

ಹಾಡಿನ ಈ ಮಟ್ಟಿಗೆ, ಅಂದರೆ ಧಾಟಿಗೆ, ಪಾಶ್ಚಾತ್ಯ ಸಂಗೀತದ ಮೊಜಾರ್ಟ್ ಪಿಯಾನೋದಲ್ಲಿ ಹನ್ನೆರಡು ವೇಷ ಹಾಕಿಸಿದ್ದಾನೆ: ಮಟ್ಟು ಅದೇ, ನುಡಿಸುವ ರೀತಿ ಬೇರೆ ಬೇರೆ. 1781-82ರ ಸುಮಾರು, ವಿಯೆನ್ನಾದಲ್ಲಿ. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು, ಶಿಷ್ಯರಿಗೆ ಪಿಯಾನೋ ಪಾಠವನ್ನೂ ಹೇಳುತ್ತಿದ್ದ. ಮಟ್ಟು ಅವನದ್ದೇ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ, ಅದು ಫ್ರಾನ್ಸಿನದು. ಟ್ವಿಂಕಲ್ ಅನ್ನುವ ಪದ್ಯವಂತೂ ಅಚ್ಚಾದದ್ದೇ 1806ರಲ್ಲಿ. ಅಷ್ಟು ಹೊತ್ತಿಗೆ ಅವನು ತೀರಿಕೊಂಡು ಹದಿನೈದು ವರ್ಷ. ಅವನಿಗೆ ಗೊತ್ತಿದ್ದದ್ದು ‘ಹೇಳಲೇನಮ್ಮಾ’ ಅಂತ ಶುರುವಾಗುವ ಫ್ರೆಂಚ್ ಹಾಡು. ಅದು ಹುಡುಗಿಯೊಬ್ಬಳ ಪ್ರೇಮದ ಗೋಳು. ಮಕ್ಕಳ ಬಾಯಿಗೆ ಬಿದ್ದ ಮೇಲೆ ಗೋಳೇ ಬೇರೆಯಾಯಿತು: ನಾನು ದೊಡ್ಡವರ ಹಾಗೆ ಯೋಚಿಸಬೇಕಂತೆ ಅಪ್ಪನಿಗೆ, ನನಗೆ ಬುದ್ಧಿಗಿಂತ ಮಿಠಾಯಿಯೇ ಮೇಲು!

ಮೊಜಾರ್ಟ್ ಮೊದಲು ಮಟ್ಟನ್ನು ಸುಮ್ನೆ ನುಡಿಸುತ್ತಾನೆ, ಮೇಲಿನ ಮನೆಯ ಮಗುವಿನಷ್ಟೇ ಸರಳವಾಗಿ. ಮುಂದಿನದರಲ್ಲಿ ಬಲಗೈ ಓಡುತ್ತದೆ. ಅದರ ಮುಂದಿನದರಲ್ಲಿ ಎಡಗೈ. ಆಮೇಲೆ ಕಣ್ಣಾಮುಚ್ಚಾಲೆ. ಸ್ವರಗಳ ಗದ್ದಲದಲ್ಲಿ ಮಟ್ಟು ಮಾಯವಾಯಿತು ಅನ್ನುವಷ್ಟರಲ್ಲಿ ‘ಪ’ ತಲೆ ಹಾಕುತ್ತದೆ. ನಾವು ‘ಸಿಕ್ಕಿದೆ!’ ಅನ್ನುತ್ತೇವೆ. ಗೊತ್ತಿಲ್ಲದ ಮಟ್ಟಾಗಿದ್ದರೆ ಈ ಆಟವೇ ಇಲ್ಲ.

ನನಗೆ ಜಾಸ್ತಿ ಇಷ್ಟ ಎಂಟನೆಯದು. ಅಲ್ಲಿ ಮೇಜರ್ ಹೋಗಿ ಮೈನರ್ ಬರುತ್ತದೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅಂತರ ಗಾಂಧಾರ ಇದ್ದ ಕಡೆ ಸಾಧಾರಣ ಗಾಂಧಾರ, ಅಂದರೆ ‘ಗ’ ಅರ್ಧ ಮೆಟ್ಟಿಲು ಕೆಳಗೆ. ಶಂಕರಾಭರಣ ರಾಗದ ನಗುಮುಖ ಒಮ್ಮೆಲೇ ಸಪ್ಪಗಾಗುತ್ತದೆ. ಅದೇ ಮಗು, ಈಗ ಮಿಠಾಯಿ ಸಿಗದೆ ಮೂಲೆಯಲ್ಲಿ ಕೂತಿದೆ. ಒಂಬತ್ತನೆಯದರಲ್ಲಿ ಎಲ್ಲ ಮರೆತು ಮತ್ತೆ ಕುಣಿತ. ಹನ್ನೊಂದನೆಯದು ನಿಧಾನ, ಎಷ್ಟು ನಿಧಾನವೆಂದರೆ ಒಲೆಯ ಮೇಲೆ ಏನಾದರೂ ಇಟ್ಟು ಅದನ್ನು ಕೇಳಬಾರದು. ಕೊನೆಯದು ಎರಡೇಟಿನ ನಡೆ ಬಿಟ್ಟು ಮೂರೇಟಿಗೆ ಹಾರಿ ಓಟ ಕೀಳುತ್ತದೆ.

ನಿನ್ನೆ ಸಂಜೆ ಮೇಲಿನ ಮನೆಯಲ್ಲಿ ಮಗುವಿನ ಬೆರಳು ಜಾರಿ ಕಪ್ಪು ಕೀ ಒತ್ತಿತು. ‘ಗ’ ಅರ್ಧ ಮೆಟ್ಟಿಲು ಇಳಿಯಿತು. ಅರೆ, ಆಗಲೇ ಎಂಟನೆಯದಕ್ಕೆ ಬಂದುಬಿಟ್ಟಳಲ್ಲ ಅಂದುಕೊಂಡೆ.

‘ತಪ್ಪು ಪುಟ್ಟಾ, ಮೊದಲಿಂದ’ ಅಂದರು ಅವರಮ್ಮ.